ಏರಿನಲ್ಲಿ ತಾನೇ ನಿಲ್ಲುವ ಕಾರು: ನನ್ನ ಸ್ಟುಡಿಬೇಕರ್ ಅನುಭವ

ನನ್ನ ಕಾರಿಗೆ ಬರೀ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಕೀ ಆನ್ ಮಾಡಿ ಕ್ಲಚ್ ಪೆಡಲನ್ನು ಪೂರ್ತಿ ಕೆಳಗೆ ಒತ್ತಬೇಕು. ಸ್ಟಾರ್ಟರ್ ಸ್ವಿಚ್ ಇರುವುದು ಆ ಪೆಡಲಿನ ಅಡಿಯಲ್ಲಿ. 1950ರ ಸ್ಟುಡಿಬೇಕರ್ ಚಾಂಪಿಯನ್ ಅದು, ಆರು ಸಿಲಿಂಡರಿನ ಗಾಡಿ. ಮುಂದೆ ವಿಮಾನದ ಮೂತಿಯಂಥ ಒಂದು ಉಬ್ಬು. ಇಲ್ಲಿನವರು ಬುಲೆಟ್ ನೋಸ್ ಅನ್ನುತ್ತಾರೆ. 1950 ಮತ್ತು 1951, ಎರಡೇ ವರ್ಷ ಬಂದ ಮೂತಿ. ಮೊದಲ ಸಲ ನೋಡಿದಾಗಲೇ ಮನಸ್ಸು ಸೋತಿದ್ದೆ.

ನಾನಿರುವುದು ಅಮೆರಿಕದ ಇಂಡಿಯಾನಾದಲ್ಲಿ. ಸ್ಟುಡಿಬೇಕರ್ ಕಂಪನಿಯ ತವರೂರು ಸೌತ್ ಬೆಂಡ್ ಇದೇ ರಾಜ್ಯದ್ದು. ಸ್ಟುಡಿಬೇಕರ್ ಅಣ್ಣತಮ್ಮಂದಿರು 1852ರಲ್ಲಿ ಅಲ್ಲಿ ಕುಲುಮೆ ಹಾಕಿ ಕುದುರೆ ಗಾಡಿ ಮಾಡಲು ಶುರು ಮಾಡಿದರು. ಮುಂದೆ ಕಾರಿಗೆ ಬಂದರು. 1963ರ ಡಿಸೆಂಬರಿನಲ್ಲಿ ಅಲ್ಲಿ ಕಾರು ಮಾಡುವುದು ನಿಂತಿತು, ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1966ರ ಮಾರ್ಚ್ ತನಕ ನಡೆದು ಅದೂ ಮುಗಿಯಿತು. ಊರಾಚೆ ಕಂಪನಿಯ ಹಳೆಯ ಟೆಸ್ಟಿಂಗ್ ಜಾಗದ ಹತ್ತಿರ ಪೈನ್ ಮರಗಳ ಸಾಲುಗಳಿವೆ. ಮೇಲಿಂದ ನೋಡಿದರೆ ಆ ಮರಗಳೇ 'ಸ್ಟುಡಿಬೇಕರ್' ಅನ್ನೋ ಹೆಸರಿನ ಅಕ್ಷರಗಳು. 1930ರ ದಶಕದಲ್ಲಿ ನೆಟ್ಟಿದ್ದು. ಆ ಮರಗಳ ಕೆಳಗೆ ನಡೆದು ಬಂದ ದಿನವೇ ಈ ಕಾರು ತಗೊಳ್ಳೋದು ಅಂತ ತೀರ್ಮಾನ ಮಾಡಿದೆ.

ಕೊಂಡಾಗ ಇಂಜಿನ್ ಬಲು ನಿಧಾನ ತಿರುಗುತ್ತಿತ್ತು. ಒಂದು ಸುತ್ತು, ಒಂದು ನಿಟ್ಟುಸಿರು, ಮತ್ತೆ ಒಂದು ಸುತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ: ಈ ಹಳೇ 6 ವೋಲ್ಟ್ ಬ್ಯಾಟರಿ ಬೇಡ, 12 ವೋಲ್ಟ್ ಮಾಡಿಸು. ನನಗೆ ಒಪ್ಪಿಗೆಯಾಗಲಿಲ್ಲ. 1950ರಲ್ಲಿ ಇದೇ 6 ವೋಲ್ಟ್‌ನಲ್ಲಿ, ಇಂಡಿಯಾನಾದ ಹಿಮದಲ್ಲಿ, ಜನ ದಿನಾ ಬೆಳಿಗ್ಗೆ ಈ ಕಾರನ್ನು ಸ್ಟಾರ್ಟ್ ಮಾಡಿ ಕೆಲಸಕ್ಕೆ ಹೋಗುತ್ತಿದ್ದರು ಅಲ್ವಾ? ಹಾಗಾದರೆ ತಪ್ಪು ಬೇರೆಲ್ಲೋ ಇರಬೇಕು.

ಒಂದು ಸಂಜೆ ಇಂಜಿನ್ ಆಫ್ ಇದ್ದಾಗ ಸುಮ್ನೆ ಲೈಟ್ ಹಾಕಿದೆ. ಬ್ಯಾಟರಿಗೆ ಕರೆಂಟ್ ಬರುತ್ತಿದೆಯೋ ಹೋಗುತ್ತಿದೆಯೋ ತೋರಿಸುವ ಆಮ್ಮೀಟರ್ ಮುಳ್ಳು ಡಿಸ್ಚಾರ್ಜ್ ಕಡೆ ಹೋಗಬೇಕಿತ್ತು. ಹೋಗಿದ್ದು ಚಾರ್ಜ್ ಕಡೆ! ಈ ಗಾಡಿಯಲ್ಲಿ ಪ್ಲಸ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ಕಾರಿನ ಕಬ್ಬಿಣದ ಮೈಗೆ ಹೋಗಬೇಕು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಈಗಿನ ಕಾರಿನ ಹಾಗೆ ಮೈನಸ್ಸನ್ನು ಕಾರಿನ ಮೈಗೆ ಕೊಟ್ಟಿದ್ದರು. ಮೇಲಾಗಿ ಕೇಬಲ್ಲುಗಳೂ 12 ವೋಲ್ಟ್ ಕಾರಿನವು, ಪೆನ್ಸಿಲಿಗಿಂತ ಕೊಂಚ ದಪ್ಪ. 6 ವೋಲ್ಟ್‌ನಲ್ಲಿ ಅಷ್ಟೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಹರಿಯಬೇಕು. ಸಣ್ಣ ಕೇಬಲ್ ಹಾಕಿದರೆ ಸ್ಟಾರ್ಟರ್ ತನಕ ಜೀವವೇ ತಲುಪುವುದಿಲ್ಲ.

ಕಿರುಬೆರಳಿನಷ್ಟು ದಪ್ಪದ ಹೊಸ ಕೇಬಲ್ ತಂದೆ. ಅರ್ಥ್ ಕೊಡುವ ಜಾಗದ ಬಣ್ಣ, ತುಕ್ಕು ಎಲ್ಲ ಉಜ್ಜಿ ಕಬ್ಬಿಣ ಹೊಳೆಯುವ ಹಾಗೆ ಮಾಡಿ ಬಿಗಿದೆ. ಬ್ಯಾಟರಿ ಸರಿದಿಕ್ಕಿಗೆ ತಿರುಗಿಸಿದೆ. ಇಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ಪ್ಲಸ್ ಆ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಕಡೆಗೆ ಬರುವ ಹಾಗೆ ವೈರು ಬದಲಿಸಿದೆ. ಇಷ್ಟಾದ ಮೇಲೆ ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಒಂದು ಕೆಲಸ ಮರೆಯಬಾರದು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ಬ್ಯಾಟರಿ ಮತ್ತು ಡೈನಮೋ ಟರ್ಮಿನಲ್ಲುಗಳ ನಡುವೆ ಒಂದು ವೈರನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಬೇಕು. ಸಣ್ಣ ಕಿಡಿ ಬರುತ್ತದೆ. ಡೈನಮೋಗೆ ದಿಕ್ಕು ಗೊತ್ತಾಗುವುದು ಆಗಲೇ. ಇಲ್ಲದಿದ್ದರೆ ಅದು ಉಲ್ಟಾ ಚಾರ್ಜ್ ಮಾಡಿ ರೆಗ್ಯುಲೇಟರನ್ನು ಸುಡುತ್ತದೆ. ಕ್ಲಚ್ ಒತ್ತಿದೆ. ಎರಡೇ ಸುತ್ತಿಗೆ ಇಂಜಿನ್ ಹಿಡಿಯಿತು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮಾತ್ರ ಹಿಲ್ ಹೋಲ್ಡರ್, ಅಂದರೆ ಏರಿನಲ್ಲಿ ಕಾರು ಹಿಂದಕ್ಕೆ ಜಾರದ ಹಾಗೆ ಹಿಡಿಯುವ ಸಾಧನ. 1936ರಿಂದಲೇ ಸ್ಟುಡಿಬೇಕರಿನಲ್ಲಿ ಬಂದ ಉಪಾಯ ಅದು. ಬ್ರೇಕ್ ಆಯಿಲ್ ಹೋಗುವ ದಾರಿಯಲ್ಲಿ ಒಂದು ಸಣ್ಣ ಡಬ್ಬಿ, ಅದರೊಳಗೆ ಒಂದು ಉಕ್ಕಿನ ಗುಂಡು. ಕಾರು ಏರಿನಲ್ಲಿದ್ದಾಗ ಗುಂಡು ಹಿಂದಕ್ಕೆ ಉರುಳುತ್ತದೆ. ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒತ್ತಿದರೆ ಗುಂಡು ಹೋಗಿ ಆಯಿಲ್ ದಾರಿಗೆ ಅಡ್ಡ ಕೂರುತ್ತದೆ. ಆಮೇಲೆ ಬ್ರೇಕಿನಿಂದ ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ. ಕ್ಲಚ್ ಬಿಡುತ್ತಾ ಬಂದ ಹಾಗೆ ಒಂದು ಸರಳು ಗುಂಡನ್ನು ತಳ್ಳಿ ದಾರಿ ಬಿಡಿಸುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಗುಂಡು ಮತ್ತು ಭೂಮಿಯ ಎಳೆತ, ಅಷ್ಟೇ.

ನನ್ನ ಕಾರಿನಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಬಿಚ್ಚಿ ಅಲ್ಲಾಡಿಸಿದರೆ ಸದ್ದೇ ಇಲ್ಲ. ಒಳಗೆ ಹಳೇ ಬ್ರೇಕ್ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ, ಗುಂಡು ಅಂಟಿಕೊಂಡಿತ್ತು. ಎರಡು ದಿನ ಸ್ಪಿರಿಟ್‌ನಲ್ಲಿ ನೆನೆಹಾಕಿ ತೊಳೆದೆ, ರಬ್ಬರು ಬದಲಿಸಿದೆ. ಕೈಯಲ್ಲಿ ಹಿಡಿದು ಓರೆ ಮಾಡಿದಾಗ ಒಳಗಿಂದ 'ಟಕ್' ಅಂತ ಕೇಳಿಸಿತು. ಇನ್ನೊಂದು ಕಡೆ ಓರೆ ಮಾಡಿದೆ, ಮತ್ತೆ 'ಟಕ್'. ಗ್ಯಾರೇಜಿನಲ್ಲಿ ಕೂತು ಎಷ್ಟು ಸಲ ಹಾಗೆ ಮಾಡಿದೆನೋ!

ಕೂರಿಸಿದ ಮೇಲೆ ಆ ಸರಳಿನ ಉದ್ದ ಹೊಂದಿಸಲು ಒಂದು ವಾರ ಹಿಡಿಯಿತು. ಬ್ರೇಕ್ ಬೇಗ ಬಿಟ್ಟರೆ ಕಾರು ಹಿಂದಕ್ಕೆ ಜಾರುತ್ತದೆ, ತಡವಾದರೆ ಕಾರು ಎಳೆದುಕೊಂಡು ಹೊರಡುತ್ತದೆ. ನಟ್ಟನ್ನು ಅರ್ಧ ಸುತ್ತು ತಿರುಗಿಸುವುದು, ಮನೆ ಹತ್ತಿರದ ಏರಿಗೆ ಹೋಗಿ ನೋಡುವುದು, ವಾಪಸ್ ಬಂದು ಮತ್ತೆ ಕೆಳಗೆ ನುಗ್ಗುವುದು.

ಸರಿಯಾದ ದಿನ ಶಿವಮೊಗ್ಗದಲ್ಲಿರುವ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಪ್ಪ ವರ್ಷಗಟ್ಟಲೆ ಆಗುಂಬೆ ಘಾಟಿಯಲ್ಲಿ ಅಂಬಾಸಿಡರ್ ಓಡಿಸಿದವರು. ಏರಿನಲ್ಲಿ ನಿಲ್ಲಿಸಿ ಹಾಫ್ ಕ್ಲಚ್‌ನಲ್ಲಿ ಎತ್ತುವುದನ್ನು ನನಗೆ ಕಲಿಸಿದ್ದೂ ಅವರೇ. ಹೆಂಡತಿ ಫೋನನ್ನು ಪೆಡಲಿನ ಕಡೆ ಹಿಡಿದಳು. ಬ್ರೇಕಿನಿಂದ ಕಾಲು ತೆಗೆದೆ. ಕಾರು ಅಲ್ಲಾಡಲಿಲ್ಲ.

"ಹ್ಯಾಂಡ್ ಬ್ರೇಕ್ ಹಾಕಿದ್ದೀಯೇನೋ?"

"ಇಲ್ಲ ಅಪ್ಪಾ, ನೋಡಿ."

"ಎಲ್ಲಿ, ಅದನ್ನೂ ತೋರಿಸು."

ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಗುಂಡು ಎಷ್ಟು ದಪ್ಪ ಇದೆಯೋ?" ಅಂತ ಕೇಳಿದರು.