ಅಕ್ರಾ ನೋಡಬೇಕೇ? ಆಗಸ್ಟ್‌ನಲ್ಲಿ ಹೋಗಿ, ಹೀಗೆ ಹೋಗಿ

ಘಾನಾದ ರಾಜಧಾನಿ ಅಕ್ರಾ ಗಿನಿ ಕೊಲ್ಲಿಯ ದಡದಲ್ಲಿದೆ. ಭೂಮಧ್ಯರೇಖೆಗೆ ಇಷ್ಟು ಹತ್ತಿರ ಇದ್ದ ಮೇಲೆ ಸೆಕೆ ಜಾಸ್ತಿ ಇರಲೇಬೇಕು ಅಲ್ವಾ? ಮಾರ್ಚ್‌ನಲ್ಲಿ ಹೋದರೆ ಅದು ನಿಜ. ಆದರೆ ಆಗಸ್ಟ್ ಅಲ್ಲಿ ವರ್ಷದಲ್ಲೇ ತಂಪಾದ ತಿಂಗಳು. ಮಧ್ಯಾಹ್ನವೂ ಸುಮಾರು 28 ಡಿಗ್ರಿ ಅಷ್ಟೇ. ಈ ಹೊತ್ತಿನಲ್ಲಿ ಸಮುದ್ರದ ಆಳದ ತಣ್ಣೀರು ಮೇಲೆ ಬರುತ್ತದೆ. ಹಾಗಾಗಿ ಗಾಳಿ ತಂಪು, ಮೋಡ ಕವಿದರೂ ಮಳೆ ಕಡಿಮೆ, ದೋಣಿಗಳಿಗೆ ಮೀನೂ ಚೆನ್ನಾಗಿ ಸಿಗುತ್ತದೆ. ಅಲ್ಲಿನ ಮೂಲದ ಜನರಾದ ಗಾ ಸಮುದಾಯದ ಹೊಮೊವೊ ಹಬ್ಬವೂ ಇದೇ ತಿಂಗಳು. ಈ ಹಬ್ಬವನ್ನು ನಡುವೆ ಇಟ್ಟುಕೊಂಡೇ ಪ್ರವಾಸ ಜೋಡಿಸಿ ಅನ್ನುವುದು ನನ್ನ ಸಲಹೆ.

ಮೊದಲ ಕೆಲಸ ಟಿಕೆಟ್ ಅಲ್ಲ, ಲಸಿಕೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳದೆ ಘಾನಾಕ್ಕೆ ಹೋಗುವಂತಿಲ್ಲ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಕೊಡುತ್ತಾರೆ, ಬೆಂಗಳೂರಿನಲ್ಲೂ ಸಿಗುತ್ತದೆ. ಲಸಿಕೆಯ ಕಾರ್ಡ್ ಜಾರಿಗೆ ಬರುವುದು ಚುಚ್ಚಿಸಿಕೊಂಡ 10 ದಿನದ ನಂತರ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ವಾಪಸ್ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅಕ್ರಾದಲ್ಲಿ ಮಲೇರಿಯಾ ವರ್ಷಪೂರ್ತಿ ಇರುತ್ತದೆ, ಆದ್ದರಿಂದ ತಡೆಗಟ್ಟುವ ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. 60 ದಾಟಿದವರು ಮತ್ತು ಮೊಟ್ಟೆ ಅಲರ್ಜಿ ಇರುವವರು ಲಸಿಕೆಗೂ ಮುಂಚೆ ವೈದ್ಯರ ಜೊತೆ ಮಾತಾಡಲೇಬೇಕು.

ವೀಸಾ, ಟಿಕೆಟ್ ಆಮೇಲೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ ಅಥವಾ ದುಬೈ ಮೂಲಕ ಹೋಗಬೇಕು. ಅಲ್ಲಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿನ ದುಡ್ಡಿನ ಹೆಸರು ಸೀಡಿ (cedi). ಪ್ಲಗ್ ಬ್ರಿಟಿಷರ ಮಾದರಿಯ ಮೂರು ಚೌಕ ಪಿನ್ನಿನದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಈಗ ಹಬ್ಬಕ್ಕೆ ಬರೋಣ. ಹಿಂದೊಮ್ಮೆ ಬಿದ್ದ ಭೀಕರ ಬರವನ್ನು ದಾಟಿ, ಬೆಳೆ ಬಂದಾಗ ಹಸಿವನ್ನೇ ಅಣಕಿಸಿದ ಜನರ ಹಬ್ಬ ಇದು. ಮೇ ಹೊತ್ತಿಗೆ ಮುಸುಕಿನ ಜೋಳ ಬಿತ್ತಿದ ಮೇಲೆ ಸುಮಾರು ಒಂದು ತಿಂಗಳು ನಗರದಲ್ಲಿ ಡೋಲು ಬಾರಿಸುವುದಕ್ಕೂ ಗದ್ದಲಕ್ಕೂ ನಿಷೇಧ. ಬೆಳೆ ನೆಮ್ಮದಿಯಾಗಿ ಬೆಳೆಯಲಿ ಅಂತ. ಇಷ್ಟು ದೊಡ್ಡ ರಾಜಧಾನಿ ಒಂದು ಪೈರಿಗಾಗಿ ದನಿ ತಗ್ಗಿಸುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಹಬ್ಬದ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ, ಗಾ ಊರುಗಳಲ್ಲಿ ಒಂದೊಂದಕ್ಕೂ ಒಂದೊಂದು ದಿನ. ಹಳೆಯ ಅಕ್ರಾದಲ್ಲಿ ಸಾಮಾನ್ಯವಾಗಿ ಆಗಸ್ಟ್‌ನ ಒಂದು ಶನಿವಾರ. ನೀವು ಗುರುವಾರವೇ ಅಲ್ಲಿರಿ. ಆ ದಿನ ಹಳ್ಳಿಗಳಿಗೆ ಹೋಗಿ ನೆಲೆಸಿದವರು ಫಸಲು ಹೊತ್ತುಕೊಂಡು ತವರಿಗೆ ಬರುತ್ತಾರೆ. ಶುಕ್ರವಾರ ಅವಳಿ ಮಕ್ಕಳ ಹಬ್ಬ. ಶನಿವಾರ ಮುಖ್ಯಸ್ಥರು ಬೀದಿ ಬೀದಿಗೆ ಹೋಗಿ ಕ್ಪೊಕ್ಪೊಯ್ ಎರಚುತ್ತಾರೆ. ಮುಸುಕಿನ ಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ತಾಳೆ ಎಣ್ಣೆ ಬೆರೆಸಿ ಮಾಡಿದ ಅಡುಗೆ ಅದು. ತೀರಿಹೋದ ಹಿರಿಯರಿಗೆ ಇಡುವ ಎಡೆ ಅಂದುಕೊಳ್ಳಿ. ಭಾನುವಾರ ಮನೆಮನೆಗೆ ಹೋಗಿ ಶುಭ ಕೋರುತ್ತಾರೆ, ಮನಸ್ತಾಪ ಇದ್ದವರು ರಾಜಿಯಾಗುತ್ತಾರೆ.

ಇದು ಪ್ರವಾಸಿಗರಿಗಾಗಿ ಮಾಡುವ ಪ್ರದರ್ಶನ ಅಲ್ಲ. ಫೋಟೊ ತೆಗೆಯುವ ಮುನ್ನ ಕೇಳಿ. ಏನನ್ನೇ ಕೇಳುವ ಮೊದಲು ನಮಸ್ಕಾರ ಹೇಳಿ, ನೇರವಾಗಿ ವಿಷಯಕ್ಕೆ ಇಳಿಯುವುದು ಅಲ್ಲಿ ಒರಟುತನ. ಎಡಗೈಯಲ್ಲಿ ಕೊಡಬೇಡಿ, ತಗೊಳ್ಳಬೇಡಿ. ನಮ್ಮ ಕಡೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ ಬಿಡಿ.

ಉಳಿಯಲು ಅಕ್ರಾದ ಓಸು ಬಡಾವಣೆಯ ಸುತ್ತಮುತ್ತ ಅನುಕೂಲ. ಓಡಾಟಕ್ಕೆ ಊಬರ್, ಬೋಲ್ಟ್ ಇವೆ. ಆದರೆ ಒಂದು ಸಲವಾದರೂ ಟ್ರೊಟ್ರೊ ಹತ್ತಿ. ಜನ ತುಂಬಿದ ಮಿನಿಬಸ್ ಅದು, ಕಂಡಕ್ಟರನ್ನು ಮೇಟ್ ಅನ್ನುತ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ. ಮಂಗಳವಾರ ಹಳೆಯ ಅಕ್ರಾದ ಜೇಮ್ಸ್‌ಟೌನ್‌ಗೆ ಹೋಗಿ. ಗಾ ಮೀನುಗಾರರು ಅಂದು ಕಡಲಿಗೆ ಇಳಿಯುವುದಿಲ್ಲ, ದಡದಲ್ಲಿ ಕೂತು ಬಲೆ ಸರಿಮಾಡುತ್ತಿರುತ್ತಾರೆ. ಮಾತಿಗೆ ಸಿಗುತ್ತಾರೆ. 2011ರಲ್ಲಿ ಶುರುವಾದ ಚಾಲೆ ವೋಟೆ ಬೀದಿ ಕಲಾ ಉತ್ಸವವೂ ಇದೇ ಓಣಿಗಳಲ್ಲಿ ಆಗಸ್ಟ್‌ನಲ್ಲೇ ನಡೆಯುತ್ತದೆ. ಸಮುದ್ರದಲ್ಲಿ ಈಜುವ ಆಸೆ ಬೇಡ, ಸೆಳೆತ ಜೋರು.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಇದ್ದೇ ಇರುತ್ತದೆ. ಕೆಲೆವೆಲೆ ಧೈರ್ಯವಾಗಿ ತಿನ್ನಿ, ಶುಂಠಿ ಮೆಣಸಿನಕಾಯಿ ಹಚ್ಚಿ ಕರಿದ ಬಾಳೆಹಣ್ಣು ಅದು. ವಾಚೆ ಅಂದರೆ ಕಾಳು ಹಾಕಿದ ಅನ್ನ, ಜೋಳದ ಎಲೆ ಹಾಕಿ ಬೇಯಿಸುವುದರಿಂದ ಕೆಂಪಗಿರುತ್ತದೆ. ಅದರ ಮೇಲೆ ಬಡಿಸುವ ಕಪ್ಪು ಶಿಟೊ ಚಟ್ನಿ ಬೇಡ ಅನ್ನಿ, ಅದರಲ್ಲಿ ಒಣಮೀನು, ಸಿಗಡಿ ಇರುತ್ತದೆ. ಅಲಸಂದೆ ಕಾಳಿನ ರೆಡ್‌ ರೆಡ್‌ನಲ್ಲೂ ಕೆಲವೊಮ್ಮೆ ಮೀನು ಸೇರಿರುತ್ತದೆ, ಕೇಳಿಯೇ ತಗೊಳ್ಳಿ.

ಕೊನೆಗೆ ಒಂದು ಪೂರ್ತಿ ದಿನ ಕೇಪ್ ಕೋಸ್ಟ್‌ಗೆ ಇಡಿ. ಅಕ್ರಾದಿಂದ ಪಶ್ಚಿಮಕ್ಕೆ ಸುಮಾರು 145 ಕಿಲೋಮೀಟರ್. ಅಲ್ಲಿನ ಕೋಟೆಯ ನೆಲಮಾಳಿಗೆಗಳಲ್ಲಿ ಮನುಷ್ಯರನ್ನು ಕೂಡಿಹಾಕಿ, ಕಡಲ ಕಡೆಯ ಬಾಗಿಲಿನಿಂದ ಗುಲಾಮರ ಹಡಗುಗಳಿಗೆ ಸಾಗಿಸಿದರು. ಹತ್ತಿರದ ಎಲ್ಮಿನಾ ಕೋಟೆಯನ್ನು 1482ರಲ್ಲಿ ಪೋರ್ಚುಗೀಸರು ಕಟ್ಟಲು ಶುರುಮಾಡಿದ್ದು. ಗೈಡ್ ಜೊತೆಗೇ ಒಳಗೆ ಹೋಗಿ, ಗಾಳಿ ಬೆಳಕಿಲ್ಲದ ಆ ಕೋಣೆಗಳಲ್ಲಿ ಸೆಲ್ಫಿ ಬೇಡ. ಮಕ್ಕಳು ಜೊತೆಗಿದ್ದರೆ ಅಲ್ಲಿ ಏನು ನಡೆದಿತ್ತು ಅಂತ ಹಿಂದಿನ ರಾತ್ರಿಯೇ ಹೇಳಿಡಿ. ಅದೇ ದಿನ ಬೀಚು, ಶಾಪಿಂಗು ಅಂತ ಇನ್ನೇನನ್ನೂ ಸೇರಿಸಬೇಡಿ.