ಉಪ್ಪು ತೊಳೆಯದೆ ನ್ಯಾನೋ ಬಣ್ಣ ಹಚ್ಚಿದೆ

ಗೋವಾದ ವಾಸ್ಕೋದಲ್ಲಿ ಕಬ್ಬಿಣದ ಕೆಲಸಗಳಿಗೆ ಬಣ್ಣ ಹೊಡೆಸುವ ಗುತ್ತಿಗೆ ನನ್ನದು. ಅಪ್ಪ ಗದಗ ಕಡೆಯಿಂದ ಕೂಲಿಗೆ ಬಂದವರು. ನಾನು ಇಲ್ಲಿನ ಬೈನಾದಲ್ಲೇ ಬೆಳೆದೆ. ನಮ್ಮ ಗ್ಯಾಂಗಿನ ಆರೂ ಜನ ರೋಣ, ಬಾದಾಮಿ ಕಡೆಯವರೇ. ಊರಲ್ಲಿ ನೇಗಿಲ ಕುಳವನ್ನು ವರ್ಷಗಟ್ಟಲೆ ಗೋಡೆಗೆ ಒರಗಿಸಿಟ್ಟರೂ ಮೇಲೆ ತೆಳ್ಳಗೆ ಕೆಂಪಾಗುತ್ತದೆ, ಅಷ್ಟೇ. ಇಲ್ಲಿ ಜುವಾರಿ ನದಿಯ ದಂಡೆಯಲ್ಲಿ ಬಣ್ಣವಿಲ್ಲದ ಆಂಗಲ್ ಎರಡು ಮಳೆಗಾಲ ಕಂಡರೆ ಸಾಕು, ಹಪ್ಪಳದ ಹಾಗೆ ಪದರ ಬಿಡುತ್ತದೆ.

ಗೋವಾದವರಿಗೆ ತುಕ್ಕಿನ ಭಯ ಹೊಸದಲ್ಲ. 1986ರ ಜುಲೈ 5ರಂದು ಪಣಜಿಯ ಹಳೆಯ ಮಾಂಡೋವಿ ಸೇತುವೆ ಕುಸಿದು ಬಿತ್ತು. ಅದಕ್ಕೆ ಇನ್ನೂ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಾಂಕ್ರೀಟಿನ ಒಳಗಿನ ಉಕ್ಕಿನ ಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು. ಅಪ್ಪ ಈಗಲೂ ಆ ಕಥೆ ಹೇಳುತ್ತಾರೆ.

ನಾಲ್ಕು ವರ್ಷದ ಹಿಂದೆ ಒಂದು ಚಿಕ್ಕ ಜೆಟ್ಟಿಯ ಕಂಬಿ, ಏಣಿಗಳ ಕೆಲಸ ಸಿಕ್ಕಿತು. ಮಾಲೀಕರಿಗೆ ಅತಿ ಸಣ್ಣ ಕಣ ಬೆರೆಸಿದ ನ್ಯಾನೋ ಬಣ್ಣವೇ ಬೇಕಿತ್ತು. ಏಜೆಂಟ್ ಬಂದು, ಕೆಸುವಿನ ಎಲೆ ಮೇಲಿನ ಹನಿಯಂತೆ ನೀರು ಜಾರುವ ವಿಡಿಯೋ ತೋರಿಸಿದ. ನ್ಯಾನೋ ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿ, ಅಂದರೆ ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಬಣ್ಣ, ತರಿಸಿದೆ. ಬ್ಲಾಸ್ಟಿಂಗ್ ಮಾಡಿಸಿದೆ, ಅಂದರೆ ಗಾರ್ನೆಟ್ ಕಲ್ಲಿನ ಪುಡಿಯನ್ನು ಗಾಳಿಯ ಜೋರಿನಿಂದ ಹೊಡೆದು ತುಕ್ಕು ತೆಗೆಸಿದೆ. ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯಿತು. ಅವತ್ತೇ ಬಣ್ಣ ಹೊಡೆಸಿ, ಬಿಲ್ ಕೊಟ್ಟು ಬಂದೆ.

ಎಂಟನೇ ತಿಂಗಳಿಗೆ ಫೋನ್ ಬಂತು. ಹೋಗಿ ನೋಡಿದರೆ ಏಣಿಯ ಕೆಳಗಿನ ಮೆಟ್ಟಿಲುಗಳ ಮೇಲೆ ಸಾಬೂದಾಣಿ ಚೆಲ್ಲಿದ ಹಾಗೆ ಗುಳ್ಳೆಗಳು. ಬಣ್ಣ ಎಲ್ಲೂ ಕಿತ್ತಿರಲಿಲ್ಲ, ಹೊಳಪೂ ಹಾಗೇ ಇತ್ತು. ಚಾಕುವಿನ ತುದಿಯಿಂದ ಒಂದು ಗುಳ್ಳೆ ಚುಚ್ಚಿದೆ. ಚಹಾ ಬಣ್ಣದ ನೀರು ಒಂದು ಹನಿ ಬಂತು. ಅಡಿಯಲ್ಲಿ ಕಬ್ಬಿಣ ಕಪ್ಪಗಿತ್ತು. ನಮ್ಮ ಹಿರಿಯ ಪೇಂಟರ್ ಕಾಕಾ, ಬೇಡ ಅನ್ನುವಷ್ಟರಲ್ಲಿ, ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ತಾಗಿಸಿಬಿಟ್ಟರು. "ಉಪ್ಪೈತಿ ತಮ್ಮಾ, ಒಳಗನ ಉಪ್ಪೈತಿ" ಅಂದರು.

ಬ್ಲಾಸ್ಟಿಂಗ್ ತುಕ್ಕು ತೆಗೆಯುತ್ತದೆ. ಗುಳಿಗಳಲ್ಲಿ ಕೂತ ಉಪ್ಪನ್ನು ಪೂರ್ತಿ ತೆಗೆಯುವುದಿಲ್ಲ. ಮೇಲೆ ಎಂಥ ಎಪಾಕ್ಸಿ ಹಚ್ಚಿದರೂ ಒಂಚೂರು ನೀರು ಒಳಗೆ ಇಳಿದೇ ಇಳಿಯುತ್ತದೆ. ಒಳಗಿರುವ ಉಪ್ಪು ಅದನ್ನು ಇನ್ನೂ ಎಳೆದುಕೊಳ್ಳುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳು ಬೆಳಗಾಗುವಷ್ಟರಲ್ಲಿ ನೀರು ಬಿಡುತ್ತೆ ಅಲ್ವಾ, ಅದೇ ಆಟ.

ದುಡ್ಡು ಹೋಯಿತು. ಕೆಲಸ ಮತ್ತೆ ಮಾಡಿಕೊಡುತ್ತೇನೆ ಅಂದೆ. ಆದರೆ ಈ ಸಲ ಏಜೆಂಟ್ ಮಾತು ನಂಬಲಿಲ್ಲ. 6 ಇಂಚು ಉದ್ದ, 4 ಇಂಚು ಅಗಲದ ನಾಲ್ಕು ತಗಡು ಕತ್ತರಿಸಿ, ಸಮುದ್ರದ ನೀರಲ್ಲಿ ತುಕ್ಕು ಹಿಡಿಸಿ, ಬ್ಲಾಸ್ಟ್ ಮಾಡಿಸಿದೆ. ಒಂದಕ್ಕೆ ತೊಳೆದು ಸಾದಾ ಎಪಾಕ್ಸಿ. ಒಂದಕ್ಕೆ ತೊಳೆದು ನ್ಯಾನೋ. ಒಂದಕ್ಕೆ ತೊಳೆಯದೆ ನ್ಯಾನೋ. ನಾಲ್ಕನೆಯದನ್ನೂ ತೊಳೆದೆ, ಅದಕ್ಕೆ ನಾನೇ ಕಲಸಿದ ಬಣ್ಣ. ಎಲ್ಲದರ ಮೇಲೂ ಕಬ್ಬಿಣ ಕಾಣುವಂತೆ ಅಡ್ಡಗೆರೆ ಗೀರಿ, ಭರತದಲ್ಲಿ ನೆನೆದು ಇಳಿತದಲ್ಲಿ ಒಣಗುವ ಜಾಗದಲ್ಲಿ ನೈಲಾನ್ ಹಗ್ಗಕ್ಕೆ ಕಟ್ಟಿದೆ.

ನಾನೇ ಕಲಸಿದ್ದರ ಕಥೆ ಹೇಳಲೇಬೇಕು. ಡಬ್ಬದ ನ್ಯಾನೋ ಬಣ್ಣ ದುಬಾರಿ, ಪುಡಿ ತಂದು ಬೆರೆಸಿದರೆ ಅಗ್ಗ ಅಂತ ನನ್ನ ಲೆಕ್ಕ. ಕೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೋಮೀಟರ್. ನ್ಯಾನೋ ಕಣ ಅಂದರೆ 100ಕ್ಕಿಂತ ಸಣ್ಣದು. ಅಷ್ಟು ಸಣ್ಣ ಪುಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಡ್ರಿಲ್ ಮೆಷಿನ್ನಿಗೆ ಕಡ್ಡಿ ಸಿಕ್ಕಿಸಿ ಅರ್ಧ ಗಂಟೆ ತಿರುಗಿಸಿದೆ. ಝುಣಕ ಮಾಡುವಾಗ ಹಿಟ್ಟು ಗಂಟು ಕಟ್ಟುತ್ತದಲ್ಲ, ಹಾಗೇ ಆಯಿತು. ಬಣ್ಣ ಗಟ್ಟಿಯಾಯಿತು ಅಂತ ಥಿನ್ನರ್ ಸುರಿದೆ, ಇನ್ನೂ ಕೆಟ್ಟಿತು. ಪುಡಿ ಬೂದಿಯಂತೆ ಹಾರುತ್ತದೆ, ಒಳ್ಳೆಯ ಮಾಸ್ಕ್ ಇಲ್ಲದೆ ಡಬ್ಬ ತೆರೆಯಲೇಬೇಡಿ. ಕಾರ್ಖಾನೆಯಲ್ಲಿ ಆ ಕಣಗಳಿಗೆ ಸೈಲೇನ್ ಅನ್ನುವ ರಾಸಾಯನಿಕದ ಲೇಪ ಕೊಟ್ಟು, ಭಾರೀ ವೇಗದ ಮೆಷಿನ್ನಿನಲ್ಲಿ ಬಿಡಿಸಿ ಬೆರೆಸುತ್ತಾರೆ. ದುಡ್ಡು ಕೊಡುವುದು ಆ ಬಿಡಿಸುವ ಕೆಲಸಕ್ಕೇ.

ಮಳೆಗಾಲ ಮುಗಿದ ಮೇಲೆ ತಗಡು ಎತ್ತಿದೆವು. ನನ್ನ ಕೈಯ ಬಣ್ಣ ಸಾದಾ ಎಪಾಕ್ಸಿಗಿಂತ ಕಡೆಯಾಗಿತ್ತು. ಗಂಟು ಇದ್ದಲ್ಲೆಲ್ಲ ತುಕ್ಕಿನ ಚುಕ್ಕಿ. ತೊಳೆಯದ ನ್ಯಾನೋದಲ್ಲಿ ಅದೇ ಸಾಬೂದಾಣಿ. ತೊಳೆದ ಎರಡರಲ್ಲಿ ವ್ಯತ್ಯಾಸ ಕಂಡಿದ್ದು ಗೀರಿನ ಹತ್ತಿರ. ಸಾದಾದಲ್ಲಿ ತುಕ್ಕು ಬಣ್ಣದ ಅಡಿಗೆ ಬೆರಳಗಲ ನುಗ್ಗಿತ್ತು. ನ್ಯಾನೋದಲ್ಲಿ ಗೀರಿನ ಅಂಚಿಗೇ ನಿಂತಿತ್ತು. ಎಪಾಕ್ಸಿ ಒಣಗುವಾಗ ಉಳಿಯುವ ಸೂಕ್ಷ್ಮ ತೂತುಗಳಲ್ಲಿ ಈ ಕಣಗಳು ಕೂರುತ್ತವೆ, ನೀರು ಸುತ್ತಿ ಬಳಸಿ ಬರಬೇಕಾಗುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ನಂಬಿದೆ.

ಜೆಟ್ಟಿ ಕೆಲಸ ಮತ್ತೆ ಶುರು ಮಾಡಿದಾಗ ಬಣ್ಣಕ್ಕಿಂತ ಮೊದಲು ಸಿಹಿ ನೀರಿನ ಟ್ಯಾಂಕರ್ ತರಿಸಿದೆ. ಪ್ರೆಶರ್ ಹಾಕಿ ತೊಳೆದು, ಬ್ಲಾಸ್ಟ್ ಮಾಡಿ, ಬ್ರೆಸಲ್ ಪ್ಯಾಚ್ ಅಂಟಿಸಿ ಉಪ್ಪು ಅಳೆದೆವು. ಆ ಸಣ್ಣ ಪಟ್ಟಿಯೊಳಗೆ ಸಿರಿಂಜಿನಿಂದ ಶುದ್ಧ ನೀರು ಬಿಟ್ಟು, ವಾಪಸ್ ಎಳೆದು, ಅದರಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ನೋಡುವುದು; ಉಪ್ಪು ಜಾಸ್ತಿಯಾದಷ್ಟೂ ಜಾಸ್ತಿ ಹರಿಯುತ್ತದೆ. ಹಡಗಿನ ತೂಕ ಸರಿದೂಗಿಸಲು ಸಮುದ್ರದ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕಿಗೆ, ಚದರ ಮೀಟರಿಗೆ 50 ಮಿಲಿಗ್ರಾಂ ಉಪ್ಪಿನ ಮಿತಿ ಇದೆ. ನಾನೂ ಅದನ್ನೇ ಹಿಡಿದೆ. ಮೊದಲ ಸಲ ಉಪ್ಪು ಅಷ್ಟಕ್ಕೆ ಇಳಿಯಲಿಲ್ಲ. ಮತ್ತೆ ತೊಳೆದು, ಮತ್ತೆ ಬ್ಲಾಸ್ಟ್. ಹುಡುಗರು ಬೈದುಕೊಂಡೇ ಮಾಡಿದರು.

ಆಮೇಲೆ ಹವೆ. ಒಂದು ಬೆಳಿಗ್ಗೆ ಎಂಟು ಗಂಟೆಗೆ ಸ್ಪ್ರೇ ಗನ್ ಹಿಡಿದ ಹುಡುಗ ಕೂಗಿದ: "ಅಣ್ಣಾ, ಕಬ್ಣ ಬೆವರಾಕತ್ತೈತಿ ನೋಡ್ರಿ." ಕೈ ಇಟ್ಟರೆ ತೇವ. ಕಬ್ಬಿಣದ ಬಿಸಿ, ಇಬ್ಬನಿ ಕಟ್ಟುವ ಬಿಸಿಗಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು. ಹತ್ತು ಗಂಟೆವರೆಗೆ ಸುಮ್ನೆ ಕೂತೆವು. ವೆಲ್ಡಿಂಗ್ ಸಾಲು, ಅಂಚುಗಳಿಗೆ ಮೊದಲು ಬ್ರಷ್‌ನಿಂದ ಒಂದು ಕೈ, ಆಮೇಲೆ ಸ್ಪ್ರೇ. ಪ್ರೈಮರ್ ಸತುವಿನದು, 75 ಮೈಕ್ರಾನ್ ದಪ್ಪ. ಅದರ ಮೇಲೆ ನ್ಯಾನೋ ಎಪಾಕ್ಸಿ ಎರಡು ಕೋಟ್, ಬಿಸಿಲು ತಡೆಯಲು ಪಾಲಿಯುರೆಥೇನ್.

ಈಗ ಎರಡು ಮಳೆಗಾಲ ಕಳೆದಿದೆ. ಕಳೆದ ವಾರ ಇಳಿತ ನೋಡಿಕೊಂಡು ಕಾಕಾ ಜೊತೆ ಏಣಿಯ ಕೊನೆಯ ಮೆಟ್ಟಿಲವರೆಗೂ ಇಳಿದೆ. ಗುಳ್ಳೆ ಒಂದೂ ಇಲ್ಲ. ಆದರೆ ಕೆಳಗಿನ ಒಂದು ನಟ್ಟಿನ ಮೂಲೆಯಲ್ಲಿ ಕೆಂಪು ಸೋರಿದೆ. ಯಾರೋ ಸ್ಪ್ಯಾನರ್ ಹಾಕಿ ಬಿಗಿಸಿದ್ದಾರೆ, ಅಷ್ಟಗಲ ಬಣ್ಣ ಎದ್ದಿದೆ. ಕಾಕಾ ಸೀಸದ ಕಡ್ಡಿಯಿಂದ ಸುತ್ತು ಹಾಕಿ ಗುರುತು ಮಾಡಿದ್ದಾರೆ. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಒಂದು ಕ್ಯಾನ್ ಸಿಹಿ ನೀರು, ಒಂದು ಬ್ರಷ್ ಹಿಡಿದು ಹೋಗಬೇಕು.