ಸಂಜೆ ಹೊತ್ತಿನ ಲ್ಯಾಗ್: ರೂಟರ್‌ನಲ್ಲಿ ನಾನು ಬದಲಿಸಿದ್ದೇನು

ಗೇಮ್‌ನಲ್ಲಿ ಲ್ಯಾಗ್ (ಆಟ ತಡವಾಗಿ ಸ್ಪಂದಿಸುವುದು) ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ: ಪ್ಲಾನ್ ಬದಲಿಸಿ, ಸ್ಪೀಡ್ ಜಾಸ್ತಿ ಮಾಡಿಸಿ. ಮೈಸೂರಿನ ಕುವೆಂಪುನಗರದ ನಮ್ಮ ಮನೆಗೂ ಈ ಸಲಹೆ ಬಂತು. ನಮ್ಮದು 40 ಎಂಬಿಪಿಎಸ್ ಫೈಬರ್. ತಮ್ಮ ಆಡುವ ವ್ಯಾಲರಂಟ್ ಅನ್ನುವ ಆನ್‌ಲೈನ್ ಶೂಟಿಂಗ್ ಗೇಮ್‌ಗೆ ಒಂದೆರಡು ಎಂಬಿಪಿಎಸ್ ಧಾರಾಳ ಸಾಕು. ಅಂದ ಮೇಲೆ 100ಕ್ಕೆ ಏರಿಸಿ ಏನು ಪ್ರಯೋಜನ? ಆಟಕ್ಕೆ ಮುಖ್ಯವಾದದ್ದು ಪಿಂಗ್, ಅಂದರೆ ಪ್ಯಾಕೆಟ್ (ಡೇಟಾದ ಪುಟ್ಟ ತುಣುಕು) ಸರ್ವರ್‌ಗೆ ಹೋಗಿ ವಾಪಸ್ ಬರಲು ಹಿಡಿಯುವ ಹೊತ್ತು.

ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡ್‌ಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಮುಂಬೈ ಸರ್ವರ್‌ಗೆ ಸಾವಿರ ಕಿಲೋಮೀಟರ್ ಅಂದುಕೊಂಡರೆ, ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ನಡುವಿನ ಸಲಕರಣೆ, ಸುತ್ತುದಾರಿ ಎಲ್ಲ ಸೇರಿ ನಮಗೆ 30ರ ಆಸುಪಾಸು ಬರುತ್ತಿತ್ತು. ಅದು ಚೆನ್ನಾಗೇ ಇತ್ತು. ಸಂಜೆ ಏಳರ ಮೇಲೆ 300ಕ್ಕೆ ಜಿಗಿಯುತ್ತಿತ್ತಲ್ಲ, ತೊಂದರೆ ಇದ್ದದ್ದು ಅಲ್ಲಿ.

ಸೆಟ್ಟಿಂಗ್ ಮುಟ್ಟುವ ಮೊದಲು ಲ್ಯಾಗ್ ಮನೆಯೊಳಗಿನದೋ ಹೊರಗಿನದೋ ಗೊತ್ತಾಗಬೇಕು. ಕಂಪ್ಯೂಟರ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ತೆರೆದೆ. ಒಂದರಿಂದ ರೂಟರ್‌ನ ವಿಳಾಸ 192.168.1.1ಕ್ಕೆ, ಇನ್ನೊಂದರಿಂದ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ನಿಲ್ಲದೆ ಪಿಂಗ್ ಹೋಗಲು ಬಿಟ್ಟೆ. ರೂಟರ್‌ವರೆಗಿನ ಪಿಂಗೇ ಒಮ್ಮೆ 3, ಒಮ್ಮೆ 70. ರೂಟರ್ ಕೆಳಗೆ ಹಾಲ್‌ನಲ್ಲಿ, ತಮ್ಮನ ರೂಮು ಮಹಡಿಯಲ್ಲಿ, ನಡುವೆ ವೈಫೈ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದ ವೈಫೈ ಎಲ್ಲ ಅಲ್ಲೇ ತುರುಕಿಕೊಂಡಿರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಗೋಡೆ, ಆರ್‌ಸಿಸಿ ದಾಟುವಾಗ ಸೊರಗುತ್ತದೆ. ಹಳೇ ಕೇಬಲ್ ಟಿವಿ ವೈರ್ ಹೋಗಿದ್ದ ಪೈಪಿನಲ್ಲೇ ಕ್ಯಾಟ್ 6 ಕೇಬಲ್ ಎಳೆಸಿದೆ. ರೂಟರ್ ಪಿಂಗ್ ಒಂದು ಮಿಲಿಸೆಕೆಂಡ್‌ಗೂ ಕೆಳಗೆ ಬಂದು ಅಲ್ಲೇ ನಿಂತಿತು. ಮೊಬೈಲ್‌ನಲ್ಲಿ ಆಡುವವರು ರೂಟರ್ ಇರುವ ಕೋಣೆಯಲ್ಲೇ ಕೂತು 5 ಗಿಗಾಹರ್ಟ್ಸ್ ಹಿಡಿಯುವುದು ವಾಸಿ.

ಆದರೂ ಸಂಜೆಯಾದರೆ ಮೇಲಿನಿಂದ ಕೂಗು: "ಅಣ್ಣಾ, ಮತ್ತೆ ಶುರುವಾಯ್ತು ನೋಡು!" ಹೋಗಿ ನೋಡಿದರೆ ರೂಟರ್‌ನ ಪಿಂಗ್ ಅಲುಗಾಡಿಲ್ಲ. ಹೊರಗಿನದು 31, 33, 140, 288, 305. ಕಾರಣ ಸಿಕ್ಕಿದ್ದು ಅಮ್ಮನ ಫೋನಿನಲ್ಲಿ. ಚಿಕ್ಕಮ್ಮನ ಮನೆ ಗೃಹಪ್ರವೇಶದ ಫೋಟೋ, ವಿಡಿಯೋಗಳು ಬ್ಯಾಕಪ್ ಆಗುತ್ತಿದ್ದವು. ಅದನ್ನು ನಿಲ್ಲಿಸಿದೆ, ಪಿಂಗ್ ಇಳಿಯಿತು. ಮತ್ತೆ ಶುರು ಮಾಡಿದೆ, ಏರಿತು.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಅಪ್‌ಲೋಡ್ ತುಂಬಿದಾಗ ಇಂಟರ್‌ನೆಟ್ ಕಂಪನಿ ಕೊಟ್ಟ ಮೋಡೆಮ್ ಪ್ಯಾಕೆಟ್‌ಗಳನ್ನು ಬಿಸಾಡುವುದಿಲ್ಲ, ಸಾಲಿನಲ್ಲಿ ನಿಲ್ಲಿಸುತ್ತದೆ. ವಿಡಿಯೋದ ಸಾವಿರಾರು ಪ್ಯಾಕೆಟ್‌ಗಳ ಹಿಂದೆ ಆಟದ ಒಂದು ಪುಟ್ಟ ಪ್ಯಾಕೆಟ್ ಬಂದು ನಿಲ್ಲುತ್ತದೆ. ದಿನಸಿ ಅಂಗಡಿಯಲ್ಲಿ ತಿಂಗಳ ಸಾಮಾನಿನ ಚೀಟಿ ಹಿಡಿದವರ ಹಿಂದೆ ಬೆಂಕಿಪೊಟ್ಟಣಕ್ಕೆ ಕಾದ ಹಾಗೆ. ಡೌನ್‌ಲೋಡ್ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಅಮ್ಮನಿಗೆ ಬ್ಯಾಕಪ್ ನಿಲ್ಲಿಸಿ ಅನ್ನಲು ನನಗೆ ಮನಸ್ಸಿರಲಿಲ್ಲ. ಆ ಫೋಟೋಗಳೂ ಮುಖ್ಯ ಅಲ್ವಾ? ಕಂಪನಿ ಕೊಟ್ಟ ಮೋಡೆಮ್‌ನಲ್ಲಿ ಇದಕ್ಕೆ ಬೇಕಾದ ಸೆಟ್ಟಿಂಗ್ ಇರಲಿಲ್ಲ. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ರೂಟರ್ ಸಾಫ್ಟ್‌ವೇರ್ ಹಾಕಬಹುದಾದ ಒಂದು ರೂಟರ್ ತಂದೆ. ಅದರಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಅನ್ನುವ ಸೌಲಭ್ಯವಿದೆ, ಕ್ಯೂ ಪಟ್ಟಿಯಲ್ಲಿ ಕೇಕ್ ಅನ್ನುವುದನ್ನು ಆರಿಸಿಕೊಂಡೆ. ಪ್ರತಿ ಸಂಪರ್ಕಕ್ಕೂ ಅದು ಸರದಿ ಕೊಡುತ್ತದೆ, ಹೀಗಾಗಿ ಸಣ್ಣ ಪ್ಯಾಕೆಟ್ ಹೆಚ್ಚು ಕಾಯುವುದಿಲ್ಲ.

ಇಲ್ಲಿ ಒಂದು ಲೆಕ್ಕವಿದೆ. ಸಂಜೆ ಹೊತ್ತಿನಲ್ಲೇ ಕೇಬಲ್ ಹಾಕಿ ಸ್ಪೀಡ್ ಅಳೆಯಬೇಕು. ಸಿಕ್ಕಿದ್ದರಲ್ಲಿ ಶೇ. 90ರಷ್ಟನ್ನು ಮಿತಿಯಾಗಿ ಕೊಡಬೇಕು. ನಾನು ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ 36 ಕೊಟ್ಟೆ. ಪೂರ್ತಿ 40 ಕೊಟ್ಟರೆ ಸಾಲು ಮತ್ತೆ ಮೋಡೆಮ್‌ನಲ್ಲೇ ಬೆಳೆಯುತ್ತದೆ. ಸ್ವಲ್ಪ ಕಡಿಮೆ ಕೊಟ್ಟರೆ ಸಾಲು ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಅದರ ಮೇಲೆ ನಮಗೆ ಹಿಡಿತ ಇರುತ್ತದೆ. ರೂಟರ್‌ನಲ್ಲಿ ಹಾರ್ಡ್‌ವೇರ್ ಆಫ್‌ಲೋಡ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಆಫ್ ಮಾಡಿ, ಹಾಗೇ ಬಿಟ್ಟರೆ ಟ್ರಾಫಿಕ್ ಈ ಸಾಲನ್ನು ತಪ್ಪಿಸಿಕೊಂಡು ಹೋಗುತ್ತದೆ. ಎಲ್ಲ ಮುಗಿಸಿ ಎರಡು ಫೋನುಗಳಲ್ಲಿ ಬ್ಯಾಕಪ್ ಹಾಕಿ ತಮ್ಮನನ್ನು ಆಡಲು ಕೂರಿಸಿದೆ. ಪಿಂಗ್ 35 ದಾಟಲಿಲ್ಲ. ನಾಲ್ಕು ಎಂಬಿಪಿಎಸ್ ಬಿಟ್ಟುಕೊಟ್ಟಿದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮೋಡೆಮ್ ಒಂದು ಕಡೆ, ನಮ್ಮ ರೂಟರ್ ಇನ್ನೊಂದು ಕಡೆ ನ್ಯಾಟ್ (ಒಳಗಿನ ಎಲ್ಲ ಸಾಧನಗಳಿಗೂ ಹೊರಗೆ ಒಂದೇ ವಿಳಾಸ ತೋರಿಸುವುದು) ಮಾಡಿದರೆ ವಾಯ್ಸ್ ಚಾಟ್, ಪಾರ್ಟಿ ಸೇರುವುದಕ್ಕೆ ಅಡಚಣೆ ಆಗಬಹುದು. ಅದಕ್ಕೇ ಮೋಡೆಮ್ ಅನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿದೆ, ಆಗ ಅದು ಡೇಟಾ ದಾಟಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಕಂಪನಿಯ ಸಂಪರ್ಕಕ್ಕೆ ಬೇಕಾದ ಪಿಪಿಪಿಒಇ ಲಾಗಿನ್, ಪಾಸ್‌ವರ್ಡ್ ಮೊದಲೇ ಬರೆದಿಟ್ಟುಕೊಳ್ಳಿ. ರೂಟರ್‌ಗೆ ಸಿಕ್ಕ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನೀವು ಕಂಪನಿಯ ಇನ್ನೊಂದು ನ್ಯಾಟ್ ಹಿಂದೆ ಇದ್ದೀರಿ. ಆಗ ಪೋರ್ಟ್ ಫಾರ್ವರ್ಡಿಂಗ್‌ಗೆ (ಹೊರಗಿನಿಂದ ಬರುವ ಸಂಪರ್ಕವನ್ನು ಒಳಗಿನ ಕಂಪ್ಯೂಟರ್‌ಗೆ ಕಳಿಸುವುದು) ಸುಮ್ನೆ ಒದ್ದಾಡಬೇಡಿ. ಡಿಎನ್‌ಎಸ್ ಬದಲಿಸಿದರೂ ಆಟದ ನಡುವಿನ ಪಿಂಗ್ ಇಳಿಯುವುದಿಲ್ಲ, ಅದರ ಕೆಲಸ ಸರ್ವರ್‌ನ ವಿಳಾಸ ಹುಡುಕಿಕೊಡುವುದಷ್ಟೇ.

ಇಷ್ಟಾದ ಮೇಲೂ, ಮನೆಯಲ್ಲಿ ಬೇರೆ ಯಾರೂ ಏನೂ ಬಳಸದಿದ್ದಾಗ ಪಿಂಗ್ ಏರಿದರೆ ತೊಂದರೆ ಬಹುಮಟ್ಟಿಗೆ ಹೊರಗಿನದು. ಆಗ ಎರಡೂ ಪಿಂಗ್ ಕಿಟಕಿಗಳ ಸ್ಕ್ರೀನ್‌ಶಾಟ್, ಜೊತೆಗೆ ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ತೆಗೆದು ದೂರಿನ ಜೊತೆ ಕಳಿಸಿ. ಪಿಂಗ್ ಎಲ್ಲಿಂದ ಏರುತ್ತಿದೆ ಅನ್ನುವುದು ಅದರಲ್ಲಿ ಕಾಣುತ್ತದೆ. ರೂಟರ್ ರೀಸ್ಟಾರ್ಟ್ ಮಾಡಿ ನೋಡಿ ಅಂತ ನಿಮ್ಮನ್ನು ವಾಪಸ್ ಕಳಿಸುವುದು ಆಗ ಅಷ್ಟು ಸುಲಭವಲ್ಲ.